ಹಗೇವಿಗೆ ಇಳಿಯುವ ಆವುಲಪ್ಪ

ಕೋಳಿ ಕೂಗಿ ಸ್ವಲ್ಪ ಹೊತ್ತಾಗಿದೆ ಅಷ್ಟೆ. ಪೆರೇಸಂದ್ರದಿಂದ ಒಳಕ್ಕಿರುವ ಹಳ್ಳಿಯೊಂದರಲ್ಲಿ, ಚಲಪತಿಯ ಮನೆಯ ಹಿತ್ತಲಲ್ಲಿ ಮಂಡಿಯೂರಿ ಕುಳಿತ ಆವುಲಪ್ಪ, ಉರಿಯುವ ಲಾಟೀನಿಗೆ ಹಗ್ಗ ಕಟ್ಟಿ ನೆಲದೊಳಗಿನ ಕತ್ತಲಿಗೆ ಇಳಿಬಿಡುತ್ತಿದ್ದಾರೆ. ಅದು ಹಗೇವು, ರಾಗಿ ಕೂಡಿಡುವ ಗುಂಡಿ. ಬಾಯಿ ಒಬ್ಬ ಮನುಷ್ಯ ನುಸುಳುವಷ್ಟೇ, ಹೊಟ್ಟೆ ಮಾತ್ರ ಗುಡಾಣದಂತೆ ಅಗಲ. ಹಿಂದಿನವರು ಸುಗ್ಗಿಯ ರಾಗಿಯನ್ನು ಅದರೊಳಗೆ ಸುರಿದು, ಚಪ್ಪಡಿ ಎಳೆದು, ಮಣ್ಣು ಮೆತ್ತಿ, ಕೆಟ್ಟ ಕಾಲಕ್ಕಿರಲಿ ಎಂದು ನಿಶ್ಚಿಂತೆಯಿಂದ ಇರುತ್ತಿದ್ದರು. ನಿನ್ನೆಯೇ ಚಪ್ಪಡಿ ಸರಿಸಿ ಗಾಳಿಗೆ ಬಿಟ್ಟಾಗಿದೆ. ಆದರೂ ದೀಪ ಇಳಿಯದೆ ಆವುಲಪ್ಪ ಇಳಿಯುವುದಿಲ್ಲ.

"ಒಳಗೆ ಕೆಟ್ಟ ಗಾಳಿ ಇದ್ರೆ ದೀಪ ಆರ್ತದೆ. ದೀಪ ಆರಿದ್ರೆ ನಮ್ಮ ಉಸಿರೂ ಆರ್ದಂಗೆ. ನಮ್ಮಣ್ಣ ಅವಸರ ಮಾಡಿ ದೀಪ ಬಿಡ್ದೆ ಇಳಿದ. ಅವನ ಹೆಣ ಮೇಲಕ್ಕೆ ಎಳೆದೋನು ನಾನೇ ಕಣಪ್ಪ" ಎನ್ನುತ್ತಾರೆ. ಅಣ್ಣ ಸತ್ತ ಮರುವರ್ಷವೇ ಅವರು ಅದೇ ಕೆಲಸಕ್ಕೆ ಇಳಿದರು. ಹೊಟ್ಟೆ ಕೇಳಬೇಕಲ್ಲ!

ಒಂದು ಕಾಲಕ್ಕೆ ಇಲ್ಲಿಂದ ಗೌರಿಬಿದನೂರಿನ ಕಡೆಯ ಹಳ್ಳಿಗಳವರೆಗೂ ಅವರಿಗೆ ಕರೆ ಬರುತ್ತಿತ್ತು. ಸುಗ್ಗಿ ಮುಗಿದರೆ ಮುಚ್ಚುವ ಕೆಲಸ, ಮಳೆ ಕೈಕೊಟ್ಟರೆ ತೆಗೆಯುವ ಕೆಲಸ. ಈಗ ತೊಂಬತ್ತರ ದಶಕ ಅರ್ಧ ದಾಟಿದೆ. ವರ್ಷಕ್ಕೊಂದು ಕರೆ ಬಂದರೆ ಹೆಚ್ಚು. ಹಬ್ಬಕ್ಕೆ ಮಾತ್ರ ಕಾಣುತ್ತಿದ್ದ ಅನ್ನ ಸೊಸೈಟಿ ಅಕ್ಕಿಯ ದಯೆಯಿಂದ ದಿನದ ಊಟವಾಗಿದೆ. ಬಡವರ ಮನೆಯಲ್ಲೂ ಅನ್ನ ಬೇಯುತ್ತಿದೆ, ಒಳ್ಳೆಯದೇ. ಆದರೆ ನೆಂಟರು ಬಂದರೆ ಮುದ್ದೆಯನ್ನು ಮರೆಮಾಚುವ ಕಾಲವೂ ಬಂದಿದೆ. ಆವುಲಪ್ಪನ ಮೊಮ್ಮಗಳಿಗೆ ಮುದ್ದೆ ನುಂಗುವುದೇ ಗೊತ್ತಿಲ್ಲ. ಅಗಿಯುತ್ತಾಳೆ, ಅಗಿದು ಉಗುಳುತ್ತಾಳೆ.

ಮೊದಲ ಆಘಾತ ಹೋದ ತಿಂಗಳಿನದು. ಸೊಸೈಟಿಗೆ ಬರಬೇಕಾದ ಲಾರಿ ಬರಲಿಲ್ಲ. ಇವತ್ತು ಬರುತ್ತೆ, ನಾಳೆ ಬರುತ್ತೆ ಎಂದು ಊರಿಗೆ ಊರೇ ಚೀಲ ಹಿಡಿದು ಬಿಸಿಲಲ್ಲಿ ನಿಂತಿತು. ಒಲೆ ಹಚ್ಚದ ಮನೆಗಳೂ ಇದ್ದವು. ಆ ಸಾಲಿನಲ್ಲಿ ಆವುಲಪ್ಪನೂ ಇದ್ದರು! ಚಲಪತಿಯ ಹಿತ್ತಲಲ್ಲಿ ಹಗೇವಿನ ತುಂಬ ರಾಗಿ ಇದೆ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೆ.

"ಚಲಪತಿ ಅಪ್ಪ ಇದ್ದಾಗ ಅದನ್ನ ಮುಚ್ಚಿದ್ದೇ ನಾನು. ನನಗೇ ಮರ್ತೋಯ್ತಲ್ಲ! ನೆನೆಸ್ಕೊಂಡ್ರೆ ಈಗ್ಲೂ ಮೈ ಜುಮ್ ಅಂತದೆ."

ಆದ್ದರಿಂದಲೇ ಚಲಪತಿ ಹಗೇವು ತೆಗೆಯಲು ಕರೆದಾಗ ಅವರಿಗೆ ಹಿಡಿಸಲಾರದಷ್ಟು ಖುಷಿ. ಊರಿಗೆ ಬುದ್ಧಿ ಬಂತು ಎಂದುಕೊಂಡರು. ದೀಪ ಆರಲಿಲ್ಲ. ಕೆಳಗಿಳಿದವರು ಟವೆಲ್ಲಿಗೆ ರಾಗಿ ಕಟ್ಟಿಕೊಂಡು ಮೇಲೆ ಬಂದು ಬೊಗಸೆ ತುಂಬ ಹಿಡಿಯುತ್ತಾರೆ. ಮುಗ್ಗಿಲ್ಲ, ಹುಳುವಿಲ್ಲ.

"ನೋಡಪ್ಪ, ನಿಮ್ಮಪ್ಪ ಬಿಟ್ಟೋದ ಅನ್ನ. ಯಾರ್ಯಾರ ಮನೆಗೆ ಹಂಚ್ತೀಯ?"

"ಹಂಚೋದೇನು ತಾತ, ಕೋಳಿ ಫಾರಂನೋರು ಬರ್ತಾರೆ, ತುಂಬ್ಕೊಂಡು ಹೋಗ್ತಾರೆ" ಎನ್ನುತ್ತಾನೆ ಚಲಪತಿ. "ಖಾಲಿ ಆದ್ಮೇಲೆ ಸಿಮೆಂಟ್ ರಿಂಗ್ ಇಳಿಸಿ ಕಕ್ಕಸು ಗುಂಡಿ ಮಾಡ್ಕೊಂತೀನಿ. ರೆಡಿ ಗುಂಡಿ ಐತಲ್ಲ."

ಆವುಲಪ್ಪನ ಬೊಗಸೆ ಸಡಿಲಿ ರಾಗಿ ಕಾಲ ಮೇಲೆ ಸುರಿಯುತ್ತದೆ. ನಿಂತಲ್ಲೇ ಕುಕ್ಕರಿಸುತ್ತಾರೆ. "ದೇವುಡಾ..." ಎನ್ನುತ್ತಾರೆ. ಚಲಪತಿ ಕೆಟ್ಟವನಲ್ಲ. ಮನೆಯ ಹೆಂಗಸರು ಕತ್ತಲಲ್ಲಿ ಬಯಲಿಗೆ ಹೋಗುವುದು ತಪ್ಪಲಿ ಎಂದು ಅವನ ಆಸೆ. ಅದಕ್ಕೇ ಅವನ ಮೇಲೆ ರೇಗಲೂ ಆಗದೆ ಮುದುಕ ಒದ್ದಾಡುತ್ತಾರೆ. ಅಡುಗೆಮನೆಯ ಬಾಗಿಲಲ್ಲಿ ನಿಂತ ಚಲಪತಿಯ ತಾಯಿ ಅಮ್ಮಾಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಕಕ್ಕಸು ಗುಂಡಿಯ ವಿಷಯ ಅವರಿಗೂ ಈಗಲೇ ಗೊತ್ತಾಗಿದ್ದು.

ಚೆಲ್ಲಿದ ರಾಗಿಯನ್ನು ಗೋರಿಕೊಂಡು ಆವುಲಪ್ಪ ಏಳುತ್ತಾರೆ. "ಕಕ್ಕಸು ಬೇಕೇ ಬೇಕಪ್ಪ, ಬೇಡ ಅನ್ನಲ್ಲ. ಆ ಮೂಲೇಲಿ ಹೊಸ ಗುಂಡಿ ನಾನೇ ತೋಡ್ಕೊಡ್ತೀನಿ. ಕೂಲಿ ಬೇಡ. ಇದನ್ನ ಮಾತ್ರ ಮುಟ್ಬೇಡ."

"ಈ ವಯಸ್ನಲ್ಲಾ ತಾತ?"

"ಅನ್ನಕ್ಕೆ ಇಳಿದೋನು ಇದಕ್ಕೂ ಇಳೀತೀನಿ, ಬಿಡು."

ರಾಗಿಯೇನೋ ಕೋಳಿ ಫಾರಂಗೇ ಹೋಯಿತು. ಮಾತು ಕೊಟ್ಟಾಗಿತ್ತಂತೆ. ಅಮ್ಮಾಜಮ್ಮ ಹಠ ಹಿಡಿದು ಎರಡು ಮೂಟೆ ಉಳಿಸಿಕೊಂಡರು. ಹಗೇವು ಉಳಿದಿದೆ, ಖಾಲಿಯಾಗಿ. ಹಿತ್ತಲ ಮೂಲೆಯಲ್ಲಿ ಆವುಲಪ್ಪ ಸೊಂಟದುದ್ದದ ಗುಂಡಿಯಲ್ಲಿ ನಿಂತು ಗಟ್ಟಿ ಕೆಂಪು ಮಣ್ಣಿಗೆ ಹಾರೆ ಹಾಕುತ್ತಿದ್ದಾರೆ. ಅಂಗೈಯಲ್ಲಿ ಬೊಬ್ಬೆ ಎದ್ದಿದೆ. ಇಷ್ಟೆಲ್ಲ ಯಾಕೆ ಎಂದು ಕೇಳಿದರೆ ಬೆವರು ಒರೆಸಿಕೊಳ್ಳುತ್ತಾರೆ.

"ಹಸಿವು ಊರು ಬಿಟ್ಟು ಹೋಗಿಲ್ಲ ಕಣಪ್ಪ. ನಮ್ಮ ಜೊತೇಲೇ ಲಾರಿ ದಾರಿ ನೋಡ್ಕೊಂಡು ಕೂತೈತೆ. ಈ ಸುಗ್ಗೀಲಿ ಆ ಹಗೇವೊಳಗೆ ನಾಕು ಮೂಟೆ ಬಿದ್ರೆ ಸಾಕು. ಮುಚ್ಚೋಕೆ ಕರೀಲಿ, ಬರ್ತೀನಿ."