ನಿಮಿಷಕ್ಕೆ ಹತ್ತು ಹನಿ

ಬೇಲೂರಿನ ಹಿನ್ನೀರಿನಲ್ಲಿ ಶರತ್ಚಂದ್ರನ ಹಳೇ ಮೋಟಾರ್ ಬೋಟು ಹನ್ನೊಂದು ವರ್ಷ ಮುಳುಗದೆ ಓಡಿದ್ದು ಶರತ್ಚಂದ್ರನ ಪುಣ್ಯದಿಂದಲ್ಲ, ಗೆಂಡೆಹಳ್ಳಿ ಗಂಗಯ್ಯನ ಸ್ಪ್ಯಾನರಿನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈಗ ಅಲ್ಲಿಗೆ ಹೋಗಿ ಕೇಳಿದರೆ ಯಾವ ನಾಲಿಗೆಯೂ ನಿಮಗೆ ಹೇಳುವುದಿಲ್ಲ.

ಗಂಗಯ್ಯ ಮೊದಲು ತೋಟಗಳ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದವನು. ಬೋಟಿನಲ್ಲೂ ಅದೇ ವಿದ್ಯೆ. ಇಂಜಿನ್ನಿನಿಂದ ಹೊರಟ ಶಾಫ್ಟು ಬೋಟಿನ ತಳವನ್ನು ತೂರಿಕೊಂಡು ನೀರೊಳಗಿನ ಫ್ಯಾನಿಗೆ ಹೋಗುತ್ತದೆ. ತೂರುವ ಕಡೆ ನೀರು ನುಗ್ಗದಂತೆ ಗ್ರೀಸ್ ಮೆತ್ತಿದ ದಾರ ಸುತ್ತಿ, ಮೇಲೆ ಅದನ್ನು ಒತ್ತಿಹಿಡಿಯುವ ಗ್ಲ್ಯಾಂಡ್ ಎನ್ನುವ ಲೋಹದ ಬಳೆ ಕೂರಿಸಿ, ಎರಡು ನಟ್ಟು ಬಿಗಿಯಬೇಕು. ಬಿಗಿಯುವುದು ಯಾರಿಗಾದರೂ ಬರುತ್ತದೆ. ಎಲ್ಲಿ ಕೈ ನಿಲ್ಲಿಸಬೇಕು ಎನ್ನುವುದೇ ಕಸುಬು. ಶಾಫ್ಟು ತಿರುಗುವಾಗ ನಿಮಿಷಕ್ಕೆ ಹತ್ತು ಹನಿ ಒಳಗೆ ತೊಟ್ಟಿಕ್ಕಲೇಬೇಕು. ಆ ನೀರೇ ಶಾಫ್ಟನ್ನು ತಣ್ಣಗಿಡುವುದು. ಹನಿ ನಿಂತರೆ ದಾರ ಸುಟ್ಟು, ಶಾಫ್ಟು ಹಿಡಿದುಕೊಂಡು ತಿರುಗದೆ ನಿಲ್ಲುತ್ತದೆ.

"ಗ್ಲ್ಯಾಂಡು ಅಳ್ತಿದ್ರೇನೆ ಶಾಫ್ಟು ನಗ್ತಿರೋದು," ಎನ್ನುತ್ತಿದ್ದ ಗಂಗಯ್ಯ. ದಿನಾ ಬೆಳಿಗ್ಗೆ ಇಂಜಿನ್ ಚಾಲೂ ಮಾಡಿ, ಬಗ್ಗಿ ಹನಿ ಎಣಿಸಿ, ತಳದಲ್ಲಿ ನಿಂತ ನೀರನ್ನು ಡಬ್ಬದಲ್ಲಿ ಮೊಗೆದು ಚೆಲ್ಲಿದ ಮೇಲೆಯೇ ಅವನಿಗೆ ಟೀ.

ಅರವತ್ತೆರಡನೆಯ ವಯಸ್ಸಿಗೆ ಅವನಿಗೆ ಮೂತ್ರದ ತೊಂದರೆಗೆ ಆಪರೇಷನ್ ಆಯಿತು. ಜೀವ ಉಳಿಯಿತು, ತಡೆಯುವ ಶಕ್ತಿ ಹೋಯಿತು. ಕೆಮ್ಮಿದರೆ ಹನಿ, ಬಗ್ಗಿದರೆ ಹನಿ. ಹೆಂಡತಿ ಲಕ್ಕಮ್ಮ ತನ್ನ ಹಳೇ ಸೀರೆ ಹರಿದು, ನಾಲ್ಕು ಪದರ ಮಡಿಸಿ, ಪ್ಯಾಂಟಿನೊಳಗೆ ಇಟ್ಟುಕೊಳ್ಳಲು ಹೊಲಿದು ಕೊಟ್ಟಳು. ಇನ್ನು ಮನೆಯಲ್ಲಿರು ಅಂದಳು.

"ನನ್ನ ಮೈ ನನ್ನ ಮಾತು ಕೇಳಲ್ಲ. ಆ ಬೋಟು ಒಂದು ಕೇಳ್ತೈತೆ. ಅದನ್ನೂ ಬಿಡು ಅಂತೀಯೇನೇ?" ಅಂದ. ಲಕ್ಕಮ್ಮ ಇನ್ನೊಂದು ಸೀರೆ ಹರಿಯಲು ಕೂತಳು.

ಟಿಕೆಟ್ ಹರಿಯುವ ಕುಮಾರಸ್ವಾಮಿಯ ಕಣ್ಣಿಗೆ ಏನೂ ತಪ್ಪುವುದಿಲ್ಲ. ಒಂದು ಭಾನುವಾರ ಬೋಟಿನ ತುಂಬ ಜನ. ತಳದ ನೀರು ಯಾರದೋ ಚಪ್ಪಲಿಗೆ ತಾಗಿ ಗೊಣಗಾಟ ಶುರುವಾಯಿತು. ಡಬ್ಬ ಹಿಡಿದು ಬಗ್ಗಿದ ಗಂಗಯ್ಯನ ಪ್ಯಾಂಟಿನ ಮೇಲೆ ಅಂಗೈಯಗಲದ ಒದ್ದೆ. ಕುಮಾರಸ್ವಾಮಿ ದಡದಿಂದಲೇ ಕೂಗಿದ.

"ಗಂಗಣ್ಣೋ, ಸೋರ್ತಿರೋದು ಬೋಟಾ, ನೀನಾ?"

ಬೋಟಿಗೆ ಬೋಟೇ ನಕ್ಕಿತು. ಹೆಂಗಸರು ಸೆರಗು ಅಡ್ಡ ಇಟ್ಟುಕೊಂಡು ನಕ್ಕರು. ಮಾಲೀಕ ಶರತ್ಚಂದ್ರ, ಗಂಗಯ್ಯನ ಮಗನ ವಯಸ್ಸಿನವನು, ಅವನೂ ನಕ್ಕು ಒಂದು ಮಾತು ಸೇರಿಸಿದ. "ನಾಳೆ ಹೊತ್ತಿಗೆ ಎರಡರಲ್ಲಿ ಒಂದಾದ್ರೂ ನಿಲ್ಲಿಸಪ್ಪ. ಇಲ್ದಿದ್ರೆ ಇಬ್ರನ್ನೂ ಒಟ್ಟಿಗೆ ಗುಜರಿಗೆ ಹಾಕ್ತೀನಿ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಮಾರನೆಯ ದಿನ ಗಂಗಯ್ಯ ತನ್ನ ಜನ್ಮದಲ್ಲಿ ಮಾಡದ ಕೆಲಸ ಮಾಡಿದ. ಸ್ಪ್ಯಾನರ್ ಹಾಕಿ ಎರಡೂ ನಟ್ಟನ್ನು ಒಂದೊಂದು ಸುತ್ತು ಬಿಗಿದ. ಹನಿ ಎರಡಕ್ಕಿಳಿಯಿತು. ಇನ್ನರ್ಧ ಸುತ್ತು ಬಿಗಿದ. ಹನಿ ನಿಂತಿತು. ಗೊತ್ತಿಲ್ಲದೆ ಮಾಡಿದ್ದಲ್ಲ. ಗೊತ್ತಿದ್ದೂ ಮಾಡಿದ, ಆ ನಗುವಿನ ಸದ್ದು ಇನ್ನೂ ಕಿವಿಯಲ್ಲಿತ್ತು. ತಳವನ್ನು ಬಟ್ಟೆಯಿಂದ ಒರೆಸಿ, ಕುಮಾರಸ್ವಾಮಿಯನ್ನು ಕರೆದು, "ಮುಟ್ಟಿ ನೋಡು, ಒಣಗೈತೆ," ಎಂದ.

ಜನರನ್ನು ಹತ್ತಿಸಿಕೊಂಡ ಮೊದಲ ಎರಡು ಟ್ರಿಪ್ಪು ಚೆನ್ನಾಗಿಯೇ ಹೋಯಿತು. ಮೂರನೆಯ ಸಲ ನೀರಿನ ನಟ್ಟನಡುವೆ ದಾರ ಸುಟ್ಟ ವಾಸನೆ ಬಂತು. ಗಂಗಯ್ಯ ಓಡಿ ನಟ್ಟಿಗೆ ಕೈ ಹಾಕಿದ; ಅಂಗೈ ಸುಟ್ಟಿತು. ಶಾಫ್ಟು ಕಿರುಚಿ ನಿಂತಿತು, ಇಂಜಿನ್ ಬಂದ್ ಆಯಿತು, ಹೊಗೆ ಎದ್ದಿತು. ಜನ ಕೂಗಿಕೊಂಡರು. ಗಾಬರಿಯಲ್ಲಿ ಗಂಗಯ್ಯನ ಮೈ ಪೂರ್ತಿ ಕೈಕೊಟ್ಟಿತು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ಮೀನಿನವರು ತೆಪ್ಪ ತಂದು ಬೋಟನ್ನು ಎಳೆಯುವಷ್ಟು ಹೊತ್ತೂ ಅವನು ಆ ಒದ್ದೆಯಲ್ಲೇ ಎಲ್ಲರೆದುರು ನಿಂತಿದ್ದ. ಯಾರೋ ಒಬ್ಬ ಮೊಬೈಲು ಹಿಡಿದು ವೀಡಿಯೋ ಮಾಡಿಕೊಂಡ.

ದಡದಲ್ಲಿ ಶರತ್ಚಂದ್ರ ಕೈಮುಗಿದು ಜನರಿಗೆ ಸಮಜಾಯಿಷಿ ಕೊಟ್ಟ. "ಕ್ಷಮಿಸ್ಬೇಕು. ಇಷ್ಟು ವಯಸ್ಸಾಗಿದೆ, ಗ್ಲ್ಯಾಂಡ್ ಸ್ವಲ್ಪ ಸೋರ್ಬೇಕು ಅನ್ನೋದು ಗೊತ್ತಿಲ್ಲ ಇವನಿಗೆ."

ಗಂಗಯ್ಯ ಬೋಟಿನಿಂದ ತನ್ನ ಸ್ಪ್ಯಾನರ್ ಎತ್ತಿಕೊಂಡ. ಅಂದೇ ಅವನನ್ನು ಮನೆಗೆ ಕಳಿಸಿದರು.

ಮೂರು ತಿಂಗಳ ಮೇಲೆ ಶರತ್ಚಂದ್ರ ಹೇಳಿಕಳಿಸಿದ, ಗಂಗಯ್ಯನಿಗೆ ಕೆಲಸ ಇದೆ, ಸ್ಪ್ಯಾನರ್ ತರಲಿ ಎಂದು. ಲಕ್ಕಮ್ಮ ದೇವರಿಗೆ ದೀಪ ಹಚ್ಚಿದಳು, ಬಿಳೀ ಅಂಗಿಗೆ ಇಸ್ತ್ರಿ ಹಾಕಿದಳು, ಒಂದಕ್ಕೆ ಎರಡು ಮಡಿಸಿದ ಬಟ್ಟೆ ಚೀಲಕ್ಕಿಟ್ಟಳು.

ಹೋಗಿ ನೋಡಿದರೆ ಬೋಟು ದಡದ ಮೇಲೆ, ಟಿಕೆಟ್ ಹರಿಯುವ ಗೇಟಿನ ಪಕ್ಕದಲ್ಲಿತ್ತು. ಇಂಜಿನ್ ಕಿತ್ತು, ಹೊಟ್ಟೆ ತುಂಬ ಮಣ್ಣು ಸುರಿದು, ಸೇವಂತಿಗೆ ನೆಟ್ಟಿದ್ದರು. ಗಿಡಗಳೆಲ್ಲ ಕೊಳೆಯುತ್ತಿದ್ದವು.

"ಹಾಕಿದ ನೀರು ಒಳಗೇ ನಿಲ್ತಿದೆ," ಅಂದ ಶರತ್ಚಂದ್ರ. "ನೀನೇ ಬಿಗಿದಿದ್ದಲ್ವಾ? ನೀನೇ ಬಿಚ್ಚು."

ಗಂಗಯ್ಯ ಬೋಟಿಗೆ ಹತ್ತಿ, ಮಂಡಿಯೂರಿ ಕೈಯಿಂದಲೇ ಮಣ್ಣು ತೋಡಿದ. ನಟ್ಟು ಸಡಿಲಿಸಿ, ಸುಟ್ಟು ಕಲ್ಲಾಗಿದ್ದ ದಾರವನ್ನು ಚೂರುಚೂರಾಗಿ ಕಿತ್ತು, ಇಳಿದು ಹಿಂದೆ ಹೋದ. ಫ್ಯಾನಿನ ಬುಡದಿಂದ ಕೆಸರುನೀರು ತೊಟ್ಟಿಕ್ಕುತ್ತಿತ್ತು. ಕೈಗಡಿಯಾರ ನೋಡುತ್ತ ಎಣಿಸಿದ. ಹತ್ತು.

"ಸೋರ್ತೈತಾ ಗಂಗಣ್ಣ?" ಕುಮಾರಸ್ವಾಮಿ ಕೂಗಿದ. ಅಲ್ಲಿದ್ದವರು ನಕ್ಕರು.

"ಸರಿಯಾಗಿ ಸೋರ್ತೈತೆ," ಅಂದ ಗಂಗಯ್ಯ. ಸ್ಪ್ಯಾನರನ್ನು ಒರೆಸಿ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ನಡೆದ.

ಮನೆಯ ಬಾಗಿಲಲ್ಲೇ ಲಕ್ಕಮ್ಮ ನಿಂತಿದ್ದಳು. "ಕೆಲ್ಸ ಕೊಟ್ರಾ?"

"ಕೊಟ್ರು ಕಣೇ," ಅಂದ ಗಂಗಯ್ಯ. "ಮಾಡಿ ಮುಗಿಸ್ಬಿಟ್ಟೆ."