ಕಾಣದ ಉರಿಗೆ ಹಾಲುಕ್ಕಿಸಿದ್ದು

ಇವತ್ತು ಬೆಳಗ್ಗೆ ನಮ್ಮ ಯಡಿಯೂರಿನ ಮನೆಯ ಕಿಟಕಿಯಿಂದ ಹಾಲು ಹೊತ್ತಿದ ವಾಸನೆ ಒಳಗೆ ಬಂತು. ಪಕ್ಕದ ಮನೆಯವರು ಹಾಲಿಟ್ಟು ಫೋನ್ ಹಿಡಿದುಕೊಂಡಿರಬೇಕು. ಬೇರೆಯವರಾದರೆ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಒಳಗೊಳಗೇ ನಗು ಬರುತ್ತದೆ, ಅದರ ಬೆನ್ನಿಗೇ ಸ್ವಲ್ಪ ಹೆದರಿಕೆಯೂ ಆಗುತ್ತದೆ. ಯಾಕೆಂದು ಹೇಳುತ್ತೇನೆ, ಕಾಫಿ ಇದ್ದರೆ ತಂದುಕೊಂಡು ಕೂತುಕೊಳ್ಳಿ.

ಒಲೆಯ ಬರ್ನರ್ ಮಾಡುವುದು ನನ್ನ ಉದ್ಯೋಗ. ಅದೂ ಮಾಮೂಲಿ ಗ್ಯಾಸಿನದಲ್ಲ, ಹೈಡ್ರೋಜನ್ನಿನದು. ಬಾಗಲಕೋಟೆ ಕಡೆಯಿಂದ ಬಂದು ಜೆ.ಪಿ. ನಗರದ ಒಂದು ಸಣ್ಣ ವರ್ಕ್‌ಶಾಪಿಗೆ ಸೇರಿದಾಗ ನಮ್ಮವ್ವ ಓಣಿಗೆಲ್ಲ "ನನ್ನ ಮಗ ಬೆಂಗಳೂರಾಗ ಒಲಿ ರಿಪೇರಿ ಮಾಡ್ತಾನ" ಎಂದು ಹೇಳಿಕೊಂಡು ಬಂದಿದ್ದಳು. ತಿದ್ದಲು ಹೋಗಿ ಸೋತು ಸುಮ್ಮನಾದೆ. ಒಂದು ಲೆಕ್ಕಕ್ಕೆ ಅವಳು ಹೇಳಿದ್ದೇ ನಿಜ.

ಹೈಡ್ರೋಜನ್ ಮಹಾ ತುಂಟ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ. ಹಗಲಲ್ಲಿ ಅದರ ಉರಿ ಕಣ್ಣಿಗೆ ಕಾಣುವುದೇ ಇಲ್ಲ. ಜೊತೆಗೆ ಇನ್ನೊಂದು ಕೆಟ್ಟ ಚಾಳಿ: ಹಚ್ಚಿದ ಉರಿ ಬಂದ ದಾರಿಯಲ್ಲೇ ಹಿಂದಕ್ಕೆ, ಬರ್ನರಿನ ಹೊಟ್ಟೆಯೊಳಕ್ಕೆ ಓಡಲು ಹವಣಿಸುತ್ತಿರುತ್ತದೆ. ಓಡಿತೋ, ಢಬ್! ಅದಕ್ಕೇ ಬರ್ನರಿನ ತೂತುಗಳನ್ನು ಸೂಜಿಮೊನೆಯಷ್ಟು ಸಣ್ಣದಾಗಿ ಕೊರೆಯಬೇಕು. ಒಳಗೆ ಗಾಳಿ ಬೆರೆಯದಂತೆ ನೋಡಿಕೊಳ್ಳಬೇಕು. ಉರಿ ಇದೆಯೋ ಇಲ್ಲವೋ ತಿಳಿಯಲೆಂದು ನಾವು ಮೇಲೊಂದು ತಂತಿಯ ಜಾಲರಿ ಇಟ್ಟಿದ್ದೆವು. ಜಾಲರಿ ಕೆಂಪಗಾದರೆ ಉರಿ ಇದೆ ಎಂದರ್ಥ. ಉರಿ ಆರಿದರೆ ಅನಿಲ ತಾನಾಗಿ ನಿಲ್ಲಲು ಒಂದು ವಾಲ್ವ್ ಕೂಡ ಇತ್ತು.

ಜಾಲರಿ ಬರುವ ಮುಂಚೆ ನಮ್ಮ ಗತಿ ಪೊರಕೆಯೇ. ನಗಬೇಡಿ, ಕಾಣದ ಉರಿಯನ್ನು ಹುಡುಕಲು ಕಡ್ಡಿಪೊರಕೆಯನ್ನು ಮುಂದೆ ಹಿಡಿದು ನಡೆಯುವುದು ಹಳೆಯ ಉಪಾಯ; ಪೊರಕೆ ಹೊತ್ತಿಕೊಂಡರೆ ಅಲ್ಲಿ ಉರಿ ಇದೆ. ಒಂದು ಶುಕ್ರವಾರ ಬೆಳಗ್ಗೆ ದುಡ್ಡು ಹಾಕುವ ಉತ್ಸಾಹದಲ್ಲಿ ಒಬ್ಬ ದೊಡ್ಡಮನುಷ್ಯರು ರೇಷ್ಮೆ ಶಲ್ಯ ಹೊದ್ದು ಬಂದರೆ, ಬಾಗಿಲಲ್ಲೇ ನಾನು ಅವರ ಮುಖಕ್ಕೆ ನೇರವಾಗಿ ಪೊರಕೆ ಚಾಚಿಕೊಂಡು ನಿಂತಿದ್ದೆ. ಅವರು ಒಳಗೆ ಬರಲಿಲ್ಲ. ಬಾಸ್ ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ.

ಮೂರನೆಯ ದಿನ ಮಾತಾಡಿದರು. "ನೋಡು ಗುರು, ಯಾರದಾದ್ರೂ ಮನೇಲಿ ಈ ಒಲೆ ಉರೀಬೇಕು. ವರ್ಕ್‌ಶಾಪಲ್ಲಿ ಉರಿದ್ರೆ ಯಾರೂ ನಂಬಲ್ಲ. ಒಂದು ಅಡುಗೆಮನೆ ಹುಡುಕು. ಇಲ್ಲಾಂದ್ರೆ ಶಟರ್ ಎಳ್ಯೋದೇ."

ಶಟರ್ ಎಳೆದರೆ ನನ್ನ ಕೆಲಸವೂ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ರಾತ್ರಿ ಕನಸಿನಲ್ಲೂ ಕೊರೆದ ಆ ಬರ್ನರ್ ಗುಜರಿಗೆ ಹೋಗುತ್ತಿತ್ತು. ನನಗೆ ಗೊತ್ತಿದ್ದ ಅಡುಗೆಮನೆ ಒಂದೇ, ಮನೆ ಓನರ್ ಗೌರಮ್ಮನವರದು.

ಬಿಟಿಎಂ ಲೇಔಟಿನಲ್ಲಿ ಅವರ ಮಹಡಿ ಮೇಲಿನ ರೂಮಿನಲ್ಲಿ ನಾನು ಬಾಡಿಗೆಗಿದ್ದೆ. ಅಲ್ಲೆಲ್ಲ ರಾಗಿ ಹೊಲವಿದ್ದ ಕಾಲದಿಂದ ಬಂದ ಮನೆತನ ಅವರದು. ಹೊಲ ಹೋಗಿ ಕಟ್ಟಡ ಬಂದರೂ ಗತ್ತು ಮಾತ್ರ ಹೊಲದ್ದೇ. ಬಾಡಿಗೆಯವರನ್ನು ಪೈರಿಗೆ ನುಗ್ಗಿದ ದನವೆಂಬಂತೆ ಮೇಲಿನಿಂದ ಕೆಳಗೆ ನೋಡುತ್ತಿದ್ದರು. ನಾನು ಹೆದರುತ್ತಲೇ ವಿಷಯ ತೆಗೆದೆ. ಮಹಡಿಯ ಬಯಲಲ್ಲಿ ಒಂದು ಪೆಟ್ಟಿಗೆ ಇಡುತ್ತೇವೆ, ಅದು ನೀರಿನಿಂದ ಹೈಡ್ರೋಜನ್ ತೆಗೆಯುತ್ತದೆ, ಕೆಳಗೆ ಒಲೆ ಉರಿಯುತ್ತದೆ ಎಂದೆ.

"ಕುಡಿಯಕ್ಕೆ ನೀರಿಲ್ಲ ಅಂತ ಟ್ಯಾಂಕರ್ ತರುಸ್ತಾ ಇದೀನಿ. ನೀನು ನೀರನ್ನೇ ಸುಡ್ತೀನಿ ಅಂತೀಯಲ್ಲಪ್ಪ!"

"ಸ್ವಲ್ಪ ನೀರು ಸಾಕ್ರಿ ಆಂಟಿ. ಉರಿ ಭಾಳ ಸ್ವಚ್ಛ ಇರ್ತದ, ಕಣ್ಣಿಗೇ ಕಾಣಂಗಿಲ್ಲ."

"ಬೆಂಕಿ ಅಂದ್ರೆ ಕಾಣ್ಬೇಕು. ಕಾಣ್ದೇ ಇರೋದು ಒಂದು ದೇವ್ರು, ಇಲ್ಲ ದೆವ್ವ. ನಿಂದು ಯಾವ್ದು?"

ಜಾಲರಿ ಕೆಂಪಗಾಗುವುದನ್ನು ವಿವರಿಸಿದೆ, ಕಾಡಿದೆ, ಬೇಡಿದೆ. ಕೊನೆಗೆ "ಆಯ್ತು, ಒಂದ್ಸಲ ನೋಡಣ" ಎಂದರು.

ಒಲೆ ಕೂರಿಸಿದ ದಿನ ಅಡುಗೆಮನೆಗೆ ಕಾಲಿಟ್ಟರೆ, ಬರ್ನರಿಗೆ ಅರಿಶಿನ ಕುಂಕುಮ ಆಗಿದೆ, ಸೇವಂತಿಗೆ ಏರಿದೆ. ಮೇಲೆ ಕಂಠದವರೆಗೆ ಹಾಲು ತುಂಬಿದ ಪಾತ್ರೆ.

"ಇಷ್ಟು ತುಂಬಿಸಿದ್ರ ಉಕ್ಕತದಲ್ರಿ ಆಂಟಿ?"

"ಉಕ್ಲಿ ಅಂತಾನೇ ಅಲ್ವಾ ಇಟ್ಟಿರೋದು? ನಿಮ್ಮೂರಲ್ಲಿ ಹೊಸ ಒಲೆಗೆ ಹಾಲುಕ್ಕಿಸಲ್ವಾ?"

ಒಲೆ ಮಾಡುವವರೆಲ್ಲ ಹಾಲು ಉಕ್ಕದಿರಲಿ ಎಂದು ಒದ್ದಾಡುತ್ತಾರೆ. ನಮ್ಮ ಜನಕ್ಕೆ ಹೊಸ ಒಲೆಯ ಮೇಲೆ ಮೊದಲ ಕೆಲಸವೇ ಉಕ್ಕಿಸುವುದು. ನಮ್ಮವ್ವನೂ ಉಕ್ಕಿಸಿದವಳೇ, ನಾನೂ ಚಪ್ಪಾಳೆ ತಟ್ಟಿದವನೇ. ಆದರೂ ವರ್ಕ್‌ಶಾಪಿನಲ್ಲಿ ನಾವು ಚೆಲ್ಲಿ ನೋಡಿದ್ದು ಬರೀ ನೀರು. ಹಾಲಿನ ಕೆನೆ ಸೂಜಿಮೊನೆಯ ತೂತುಗಳಿಗೆ ಮೆತ್ತಿಕೊಂಡರೆ? ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿದರೆ ಅಡುಗೆಮನೆ ಕೈತಪ್ಪುತ್ತಿತ್ತು. ಅದಕ್ಕೇ "ಏನೂ ಆಗಂಗಿಲ್ರಿ, ಹಚ್ರಿ" ಎಂದುಬಿಟ್ಟೆ.

ಗೌರಮ್ಮನವರು ಹಚ್ಚಲಿಲ್ಲ. ಒಲೆಯನ್ನು ನೋಡಲೂ ಇಲ್ಲ. ಸೊಂಟದ ಮೇಲೆ ಕೈಯಿಟ್ಟು ನನ್ನ ಕಾಲನ್ನು ನೋಡಿದರು.

"ಏನೂ ಆಗಲ್ಲ ಅಂತೀಯ. ಮತ್ತೆ ಯಾಕಪ್ಪ ಬಾಗಿಲಾಚೆ ನಿಂತಿದೀಯ?"

ನಾನೂ ಕೆಳಗೆ ನೋಡಿಕೊಂಡೆ. ದೇವರಾಣೆ, ನನಗೇ ತಿಳಿಯದಂತೆ ಹಿಂದೆ ಹಿಂದೆ ಸರಿದು ಹೊಸ್ತಿಲು ದಾಟಿದ್ದೆ. ಒಂದು ಕಾಲು ಆಗಲೇ ಚಪ್ಪಲಿಯೊಳಗಿತ್ತು.

ಆ ಕಾಲನ್ನು ಇಟ್ಟುಕೊಂಡು ಸುಳ್ಳು ಹೇಳುವುದು ಕಷ್ಟ. "ಹಾಲು ಚೆಲ್ಲಿ ನೋಡಿಲ್ರಿ ಆಂಟಿ" ಎಂದೆ.

"ನೋಡ್ಕೊಂಡು ಬಾ" ಎಂದು ಅವರು ಪಾತ್ರೆ ಇಳಿಸಿ, ಹಳೆಯ ಸ್ಟವ್ ಹಚ್ಚಿ, ಅದೇ ಹಾಲಿನಲ್ಲಿ ನನಗೆ ಕಾಫಿ ಮಾಡಿಕೊಟ್ಟರು. ಅಷ್ಟು ನಾಚಿಕೆಯಿಂದ ನಾನು ಯಾವ ಕಾಫಿಯನ್ನೂ ಕುಡಿದಿಲ್ಲ.

ಮರುದಿನ ವರ್ಕ್‌ಶಾಪಿನಲ್ಲಿ ಗಾಜಿನ ತಡೆ ಇಟ್ಟು, ಅದರ ಹಿಂದೆ ನಿಂತು ಹಾಲು ಉಕ್ಕಿಸಿದೆವು. ಕೆನೆ ತೂತುಗಳಿಗೆ ಮೆತ್ತಿತು, ಅನಿಲದ ಓಟ ನಿಧಾನವಾಯಿತು, ಉರಿ ಒಳಕ್ಕೆ ನುಗ್ಗಿತು. ಢಬ್! ಬರ್ನರಿನ ಮುಚ್ಚಳ ಹಾರಿ ಟ್ಯೂಬ್‌ಲೈಟ್ ಪುಡಿಯಾಯಿತು. ಹಿಂದಿನ ದಿನವಾಗಿದ್ದರೆ ಅದರ ದಾರಿಯಲ್ಲಿ ಗೌರಮ್ಮನವರ ಮುಖವಿರುತ್ತಿತ್ತು. ಬಾಸ್ ಅಂಗಿಯ ಮೇಲಿನ ಗಾಜಿನ ಪುಡಿ ಕೊಡವಿಕೊಂಡು "ಇನ್ನೂ ಹಾಲು ತರ್ಸಿ" ಎಂದರು.

ತೂತುಗಳನ್ನು ಮೇಲಿನಿಂದ ಪಕ್ಕಕ್ಕೆ ತಂದೆವು. ಹಾಲು ಜಾರಿ ಹೊರಗೆ ಬೀಳಲು ಕೊಡೆಯಂಥ ಅಂಚು ಮಾಡಿದೆವು. ವಾಲ್ವನ್ನು ಚುರುಕುಗೊಳಿಸಿದೆವು. ವಾರಗಟ್ಟಲೆ ಹಾಲುಕ್ಕಿಸಿ ಉಕ್ಕಿಸಿ, ಬೀದಿಯ ಬೆಕ್ಕುಗಳೆಲ್ಲ ನಮ್ಮ ಸಿಬ್ಬಂದಿಯಾದವು. ಹಾಲಿನಂಗಡಿಯವನು "ಏನ್ ಸಾರ್, ಸ್ವೀಟ್ ಅಂಗಡಿ ಹಾಕುದ್ರಾ?" ಎಂದು ಕೇಳಿದ.

ಮತ್ತೆ ಗೌರಮ್ಮನವರ ಅಡುಗೆಮನೆ, ಮತ್ತೆ ಸೇವಂತಿಗೆ. ಈ ಸಲ ನಾನು ಹೇಳಿಸಿಕೊಳ್ಳದೆ ಅವರ ಪಕ್ಕ, ಒಲೆಗೆ ಆತುಕೊಂಡಂತೆ ನಿಂತೆ. ಹಾಲು ಉಕ್ಕಿ ಸುರಿಯಿತು. ಅದರಲ್ಲಿರುವ ಉಪ್ಪಿನಂಶಕ್ಕೆ ಕಾಣದ ಉರಿ ಒಂದು ಕ್ಷಣ ಹಳದಿಯಾಗಿ ಎದ್ದು ಕಂಡಿತು, ಆರಿತು, ವಾಲ್ವ್ 'ಟಕ್' ಎಂದಿತು. ಅಷ್ಟೇ. ಗೌರಮ್ಮನವರು ಕೈಮುಗಿದು, "ದೇವ್ರೇ ಇರ್ಬೇಕು ಬಿಡು" ಎಂದರು. ನನಗೆ ಕಣ್ಣು ತುಂಬಿತು. ಹಾಲಿನ ಹೊಗೆ ಎಂದು ಹೇಳಿ ಒರೆಸಿಕೊಂಡೆ.

ಇದೆಲ್ಲ ಹಳೆಯ ಮಾತು. ಮುಂದಿನ ಶುಕ್ರವಾರ ಗೌರಮ್ಮನವರ ಮೊಮ್ಮಗಳು ಬನಶಂಕರಿಯಲ್ಲಿ ಹೊಸ ಮನೆಯ ಗೃಹಪ್ರವೇಶ ಮಾಡುತ್ತಿದ್ದಾಳೆ, ನಮ್ಮದೇ ಹೊಸ ಮಾದರಿಯ ಒಲೆ ಬೇಕಂತೆ. ಅದರ ಬರ್ನರ್ ಮಾಡಿದ್ದು ನಮ್ಮಲ್ಲಿ ಈಚೆಗೆ ಸೇರಿದ ಇಂಜಿನಿಯರ್ ಸಹನಾ. ಪರೀಕ್ಷೆಗಳೆಲ್ಲ ಮುಗಿದಿವೆ ಎಂದಿದ್ದಳು. ಬೆಳಗ್ಗೆ ಈ ಹಾಲು ಹೊತ್ತಿದ ವಾಸನೆ ಬಂದ ಮೇಲೆ ಸುಮ್ಮನಿರಲಾಗದೆ ಈಗ ಅವಳಿಗೆ ಫೋನ್ ಮಾಡಿದೆ.

"ಶುಕ್ರವಾರ ನೀನೂ ಬರಬೇಕಮ್ಮ. ಹಾಲು ಉಕ್ಕೋವಾಗ ಒಲೆ ಪಕ್ಕ ನೀನೇ ನಿಂತ್ಕೊಬೇಕು."

"ನಾನಾ ಸಾರ್? ಪಕ್ಕದಲ್ಲೇನಾ?"

"ಹೂಂ, ಒಲೆಗೆ ಆತ್ಕೊಂಡೇ" ಎಂದೆ. ಅವಳು ಸಣ್ಣ ದನಿಯಲ್ಲಿ, "ಸಾರ್, ಇನ್ನೊಂದೆರಡು ವಾರ ಸಿಗುತ್ತಾ?" ಎಂದಳು.

ಸಿಗುತ್ತದೆ ಎಂದೆ. ಆಮೇಲೆ ಗೌರಮ್ಮನವರಿಗೆ ಫೋನ್ ಮಾಡಿ, ಮುಹೂರ್ತಕ್ಕೆ ಮಾಮೂಲಿ ಸ್ಟವ್ ಇಟ್ಟುಕೊಳ್ಳಿ ಎಂದೆ. ಅವರು ಕಾರಣ ಕೇಳಲಿಲ್ಲ.

"ಮಾಡಿದ್ಯಾರು, ಹೊಸಬ್ರಾ?"

"ಹೌದ್ರಿ, ಒಬ್ಬಾಕಿ ಹುಡುಗಿ. ಇನ್ನೆರಡು ವಾರ ಬೇಕಂತ ಆಕೀನೇ ಕೇಳಿದ್ಳು."

"ಊಟಕ್ಕೆ ಕರ್ಕೊಂಡು ಬಾ ಅವ್ಳನ್ನ. ಒಳ್ಳೆ ಹುಡುಗಿ. ನಿನ್ ಥರ ಚಪ್ಪಲಿ ಹಾಕೊಳ್ಳೋವರ್ಗೂ ಕಾಯ್ಲಿಲ್ಲ."