ಕೆಡಬಾರದೆಂದು ನಿಂತ ಬಸ್ಸು

ಕಳೆದ ಮಂಗಳವಾರ ಸಂತೇಬೆನ್ನೂರಿನಲ್ಲಿ ಚನ್ನಗಿರಿ ಬಸ್ಸು ಹತ್ತಿ ಕುಳಿತೆ. ಬಿಸಿಲೇರಿದರೂ ಬಸ್ಸು ಕದಲಲಿಲ್ಲ. ಕೆಟ್ಟಿತ್ತೇ? ಇಲ್ಲ. ಕೆಡಬಾರದು ಅಂತಲೇ ನಿಲ್ಲಿಸಿದ್ದರು.

ಇದಕ್ಕೆ ಕಾರಣ ಸುಧಾರಣೆ. ಮೊದಲೆಲ್ಲ ಒಂದು ನಟ್ ಬಿದ್ದುಹೋದರೂ ನಮ್ಮ ಬಸ್ ಕಮಿಟಿಯವರು ಟೆಂಡರ್ ಕರೆಯುತ್ತಿದ್ದರು. ಟೆಂಡರ್ ಬರುವಷ್ಟರಲ್ಲಿ ಇನ್ನೊಂದು ನಟ್ ಬಿದ್ದಿರುತ್ತಿತ್ತು. ಈ ರಗಳೆಯೇ ಬೇಡವೆಂದು ಈ ವರ್ಷ ಇಡೀ ರಿಪೇರಿಯನ್ನು ಹಾಲಪ್ಪನವರೆಂಬ ಒಬ್ಬರೇ ಕಂಟ್ರಾಕ್ಟರಿಗೆ ಒಪ್ಪಿಸಿದರು. ಷರತ್ತು ಒಂದೇ. ಕಮಿಟಿ ತಪಾಸಣೆಗೆ ಬಂದಾಗ ಬಸ್ಸು ಸುಸ್ಥಿತಿಯಲ್ಲಿರಬೇಕು. (ಓಡಬೇಕು ಎಂದು ಸೇರಿಸಲು ಯಾರಿಗೂ ತೋಚಲಿಲ್ಲ.)

ಹಾಲಪ್ಪನವರು ಬುದ್ಧಿವಂತರು. ಯುದ್ಧದ ದೆಸೆಯಿಂದ ಪೆಟ್ರೋಲಿಲ್ಲ, ಬಸ್ಸು ಹಿಂಬದಿಯ ಒಲೆಯಲ್ಲಿ ಉರಿಯುವ ಇದ್ದಿಲಿನ ಗ್ಯಾಸಿನಲ್ಲಿ ಓಡಬೇಕು. ಟೈರು ಸವೆದರೆ ಬೇರೆ ಸಿಗುವುದಿಲ್ಲ. ನಿಂತ ಬಸ್ಸಿನ ಟೈರು ಸವೆಯುತ್ತದೆಯೇ? ಹೀಗಾಗಿ ಬಸ್ಸು ಬಿಡದಿರಲು ದಿನಕ್ಕೊಂದು ನೆಪ; ಅವರು ಹೂಂ ಅನ್ನದೆ ಡ್ರೈವರ್ ಬಸ್ಸು ತೆಗೆಯುವಂತಿಲ್ಲ.

ಅಂದು ಮುಂದಿನ ಸೀಟಿನಲ್ಲಿ ಗಾದಿ ಹೊಲಿಯುವ ಮೆಹಬೂಬಿ ಕುಳಿತಿದ್ದರು. ಚನ್ನಗಿರಿಯಲ್ಲಿರುವ ಮಗಳಿಗೆ ಚೊಚ್ಚಲ ಹೆರಿಗೆ. ಅತ್ತೆ ಇಲ್ಲದ ಮನೆ.

"ಹಾಲಪ್ಪಾರೆ, ಬಸ್ ಬಿಡ್ರಿ. ಮಗಳಿಗೆ ನೋವು ಶುರುವಾಗೈತಂತೆ."

"ಬಿಡಬಾರದು ಅಂತ ನನಗೇನು ಹಟ ಇಲ್ಲಮ್ಮ. ಮೊನ್ನೆ ಬಣ್ಣ ಹೊಡೆಸೀನಿ, ಸೀಟು ಹೊಲಿಸೀನಿ. ನಾಳೆ ಕಮಿಟಿಯೋರು ನೋಡಾಕೆ ಬರ್ತಾರೆ. ರಸ್ತೆಗೆ ಇಳಿಸಿ ಏನಾದ್ರೂ ಆದ್ರೆ ನಾನು ಹೆಂಗೆ ಉತ್ತರ ಹೇಳ್ಲಿ?"

ಮೆಹಬೂಬಿ ಚೀಲದಿಂದ ಗಾದಿ ಹೊಲಿಯುವ ದಬ್ಬಳ ತೆಗೆದು, ಸೀಟಿನ ಹೊಲಿಗೆಗೆ ಸಿಕ್ಕಿಸಿದರು.

"ನನಗೆ ಹೊಲಿಯಾಕೂ ಬರ್ತೈತೆ, ಬಿಚ್ಚಾಕೂ ಬರ್ತೈತೆ. ಎಲ್ಲಾ ಸೀಟಿನ ಹತ್ತಿ ಕಿತ್ತು ಕೈಗೆ ಕೊಟ್ಟು ಹೋಗ್ತೀನಿ ನೋಡ್ರಿ."

ದನಿ ಏರಿಸಲಿಲ್ಲ. ಒಂದು ಹೊಲಿಗೆ ಟಪ್ಪೆಂದು ಬಿಚ್ಚಿತು. ಹಾಲಪ್ಪನವರು ಹಿಂದೆ ಹೋಗಿ ತಾವೇ ಇದ್ದಿಲಿಗೆ ಬೆಂಕಿ ಹಾಕಿದರು.

ಬಸ್ಸು ಹೊರಟಿತು, ಚೆನ್ನಾಗಿಯೇ ಓಡಿತು. ದಾರಿಯುದ್ದಕ್ಕೂ ಜನ ಹತ್ತಿದರು, ಕೋಳಿಗಳೂ ಹತ್ತಿದವು. ಹಾಲಪ್ಪನವರು ಬಾಗಿಲಲ್ಲಿ ನೇತಾಡುತ್ತಾ, ಗುಂಡಿ ಬಂದಾಗಲೆಲ್ಲ ತಮ್ಮ ಸೊಂಟಕ್ಕೇ ಪೆಟ್ಟು ಬಿದ್ದವರಂತೆ ಮುಖ ಕಿವುಚುತ್ತಿದ್ದರು.

ಸಂಜೆ ನಾನು ಚನ್ನಗಿರಿಯಲ್ಲಿ ಕೆಲಸ ಮುಗಿಸಿ ಬರುವಾಗ ದಾರಿಯಲ್ಲೇ ಮೆಹಬೂಬಿ ಮಗಳ ಮನೆ ಬಾಗಿಲಲ್ಲಿ ನಿಂತಿದ್ದರು. ಕಣ್ಣು ಕೆಂಪಾಗಿದ್ದವು.

"ಹೆಣ್ಣು ಮಗು ರೀ. ಬಾಳ ಕಷ್ಟ ಆತು. ನನ್ನ ಕೈ ಹಿಡ್ಕೊಂಡೇ ಹೆತ್ತಳು. ನಾನು ಬರದಿದ್ರೆ ಧೈರ್ಯ ಬಿಡ್ತಿದ್ಲು."

ಮರುದಿನ ಕಮಿಟಿಯವರು ಬಂದರು. ಚಕ್ರಕ್ಕೆ ಕೆಸರು, ಬಣ್ಣದ ಮೇಲೆ ಗೀರು, ನೆಲದ ತುಂಬ ಕೋಳಿಪುಕ್ಕ. ಬಸ್ಸು ಸುಸ್ಥಿತಿಯಲ್ಲಿಲ್ಲವೆಂದು ಹಾಲಪ್ಪನವರಿಗೆ ದಂಡ ಹಾಕಿದರು. ಇಷ್ಟು ದಿನದಲ್ಲಿ ಅವರಿಗೆ ಬಿದ್ದ ಮೊದಲ ದಂಡ, ಬಸ್ಸು ಓಡಿಸಿದ್ದಕ್ಕೆ.

ಆದರೂ ಹೊಸ ಪದ್ಧತಿ ಕಮಿಟಿಗೆ ಬಹಳ ಹಿಡಿಸಿದೆ. ಖರ್ಚು ಕಡಿಮೆ, ತಕರಾರಿಲ್ಲ. ಊರಿನ ಆಸ್ಪತ್ರೆಯ ರಿಪೇರಿಯನ್ನೂ ಹೀಗೇ ಒಬ್ಬರಿಗೆ ವಹಿಸಿದರೆ ಒಳ್ಳೆಯದೆಂದು ಶಿಫಾರಸು ಮಾಡಿದ್ದಾರಂತೆ.

ಆಮೇಲೆ ಅಲ್ಲಿಗೆ ಕಾಯಿಲೆಯವರನ್ನು ಬಿಡುತ್ತಾರೆಯೇ?